ಎಡಗಡೆ ಸೀಟು

ಇಪ್ಪತ್ತೆರಡು ವರ್ಷದಿಂದ ಎಡಗಡೆ ಸೀಟು ನನ್ನದು.
ಪ್ರಗತಿ ಡ್ರೈವಿಂಗ್ ಸ್ಕೂಲಿನ ಬಿಳಿ ಮಾರುತಿ,
ಹಿಂದೆ ಕೆಂಪು ಎಲ್ಲು,
ಕಾಲ ಕೆಳಗೆ ಇಲಿಯಾಸಣ್ಣ ವೆಲ್ಡು ಮಾಡಿಕೊಟ್ಟ ಎರಡನೇ ಬ್ರೇಕು.
ಡೈರಿ ಸರ್ಕಲ್, ತಣ್ಣೀರುಹಳ್ಳ, ಸಾಲಗಾಮೆ ರಸ್ತೆ,
ಮತ್ತೆ ಡೈರಿ ಸರ್ಕಲ್.
ಮುಳ್ಳು ಮೂವತ್ತು ದಾಟಿದರೆ
ಈ ಕಾಲು ನನ್ನನ್ನೂ ಕೇಳುವುದಿಲ್ಲ.

ಈಗ ಆಫೀಸಿನ ಗೋಡೆಗೊಂದು ನಕ್ಷೆ ಬಂದಿದೆ,
ಟ್ರಾಫಿಕ್ ಚಿಹ್ನೆಗಳ ಚಾರ್ಟಿನ ಪಕ್ಕ.
ಉಲ್ಲನ್ ಉಂಡೆ ಕೈಜಾರಿ ಮಂಚದಡಿಗೆ ಉರುಳಿದಾಗ
ನೆಲದಲ್ಲಿ ಉಳಿಯುತ್ತಲ್ಲ, ಅಂಥ ಒಂದು ಗೆರೆ.
ನ್ಯೂರ್‌ಬರ್ಗ್‌ರಿಂಗ್.
ಹೆಸರು ನಾಲಿಗೆಗೆ ಹತ್ತಲು ವಾರ ಹಿಡಿಯಿತು.
ಸುತ್ತು ಇಪ್ಪತ್ತೊಂದು ಕಿಲೋಮೀಟರಿಗೆ ಚೂರು ಕಮ್ಮಿ:
ಹೆಚ್ಚುಕಡಿಮೆ ಗೊರೂರಿಗೆ ಹೋದಷ್ಟು.
ತಿರುವು ಎಪ್ಪತ್ತಮೂರು.
ಗೊರೂರಿಗೆ ಎಷ್ಟಿರಬಹುದೆಂದು ಭಾನುವಾರ ಎಣಿಸುತ್ತಾ ಹೋದೆ;
ಹತ್ತೊಂಬತ್ತರಲ್ಲಿ ಎಮ್ಮೆ ಅಡ್ಡ ಬಂದು
ಲೆಕ್ಕ ತಪ್ಪಿತು.

ಆರ್‌ಟಿಓ ಕಿಟಕಿಯಲ್ಲಿ ಬೋರಲಿಂಗಯ್ಯ
ಫಾರಂ ನೋಡದೆ ಸೀಲು ಎತ್ತಿದ:
'ಇಂಟರ್‌ನ್ಯಾಷನಲ್ಲಾ? ಯಾರಿಗೆ ಮೇಡಂ, ಯಾವ ಹುಡುಗ?'
ನನಗೇ, ಅಂದೆ.
ಸೀಲು ಗಾಳಿಯಲ್ಲೇ ನಿಂತಿತು.
ಆಮೇಲೆ ಅವನು ಫೋಟೋ ನೋಡಿದ, ನನ್ನ ನೋಡಿದ,
'ಅಲ್ಲಿ ರೇಸಿನೋರು ಓಡಿಸ್ತಾರಂತಲ್ಲ' ಅಂದ.
ರಜಾದಿನ ದುಡ್ಡು ಕೊಟ್ಟರೆ ಯಾರು ಬೇಕಾದರೂ ಓಡಿಸಬಹುದು,
ಟೋಲ್ ರಸ್ತೆ ಇದ್ದ ಹಾಗೆ, ಅಂದೆ.
'ಟೋಲಿಗೋಸ್ಕರ ಅಲ್ಲೀತನಕವಾ!'
ಹಿಂದೆ ನಿಂತ ಟಿಪ್ಪರ್ ಡ್ರೈವರು ನಕ್ಕ. ನಾನೂ ನಕ್ಕೆ.

ಕರೆದವಳು ಫ್ಲೋರಿನ್ ಮೆನೇಜಸ್,
ಕೊಬ್ಲೆಂಜಿನ ಆಸ್ಪತ್ರೆಯಲ್ಲಿ ನರ್ಸು.
ನನ್ನ ಹತ್ತಿರ ಕಲಿತು ಮೂರು ಸಲ ಫೇಲಾದವಳು,
ರಿವರ್ಸಿನಲ್ಲಿ ಕಂಬ ಬೀಳಿಸಿ ಅತ್ತವಳು.
ಈಗ ಫೋನಿನಲ್ಲಿ ನನಗೇ ಪಾಠ:
ಮೇಡಂ, ಹಿಂದೆ ಜೋರಾಗಿ ಬಂದವರಿಗೆ ಎಡದಿಂದ ದಾರಿ ಬಿಡಿ.
ನೀವು ಬಲಕ್ಕೇ ಇರಿ, ಬಲಕ್ಕೆ.
ಮಧ್ಯೆ ನಿಲ್ಲಿಸಬೇಡಿ. ಹಿಂದಕ್ಕೆ ತಿರುಗಿಸಬೇಡಿ.
ಬೇಲಿಗೆ ಗುದ್ದಿದರೆ ಬೇಲಿಗೂ ಬಿಲ್ಲು.

ಬಲಕ್ಕೆ!
ಇಡೀ ಹಾಸನಕ್ಕೆ ಎಡಕ್ಕೆ ಎಡಕ್ಕೆ ಎಂದು
ಗಂಟಲು ಹರಿದುಕೊಂಡವಳು ನಾನು.

ಚೀಟಿ ಎತ್ತಿದ್ದು ಟಿಕೆಟ್ಟಿಗೆ ಸರಿಹೋಯಿತು.
ಸ್ವೆಟರ್ ಇದೆ. ಕನ್ನಡಕ ಎರಡು ಜೊತೆ.
ಹುಣಸೆತೊಕ್ಕು ಫ್ಲೋರಿನ್‌ಗೆ.
ಬಾಡಿಗೆ ಕಾರಿನ ಷರತ್ತು ಹನ್ನೊಂದು ಪುಟ,
ಇನ್ನೂ ನಾಲ್ಕು ಓದಬೇಕು.

ರಾತ್ರಿ ಊಟವಾದ ಮೇಲೆ
ದಿವಾನದ ಎಡತುದಿಯಲ್ಲಿ ಕೂರುತ್ತೇನೆ,
ಎದೆಯೆದುರು ಸ್ಟೀಲ್ ತಟ್ಟೆ.
ಅಲ್ಲಿ ಎಡಗಡೆ ಸೀಟಿಗೇ ಸ್ಟೇರಿಂಗ್!
ಈ ಯೋಚನೆ ಬಂದ ದಿನ ನಿದ್ದೆ ಬರಲಿಲ್ಲ.
ಕೂತ ಜಾಗ ಅದೇ. ಇಷ್ಟು ವರ್ಷ
ಬೇರೆಯವರ ಚಕ್ರವನ್ನು ಚರಂಡಿಯಿಂದ ಎಳೆದು ತಂದ ಬಲಗೈ
ಈಗ ಗೇರು ಹುಡುಕಬೇಕು.
ಅದು ಹುಡುಕುವುದಿಲ್ಲ. ತಟ್ಟೆ ಬಿಟ್ಟು
ಪಕ್ಕದ ಖಾಲಿಯತ್ತ ಚಾಚುತ್ತದೆ,
ಅಲ್ಲಿ ಯಾರೋ ತಪ್ಪು ಮಾಡುತ್ತಿರುವ ಹಾಗೆ.

ಆ ಖಾಲಿಯಲ್ಲಿ ಫ್ಲೋರಿನ್ ಕೂರುತ್ತಾಳಂತೆ.
ಅವಳ ಕಾಲಡಿ ಬ್ರೇಕಿಲ್ಲ, ಬರೀ ಮ್ಯಾಟು.
ಹೆದರಿಕೆ ಆಗಲ್ವೇನೇ ಎಂದು ಕೇಳಿದೆ.
'ನಿಮಗೆ ಆಗ್ತಿತ್ತಾ ಮೇಡಂ?' ಎಂದಳು.
ದಿನಾ, ಎನ್ನಲಿಲ್ಲ.

ಇವತ್ತು ಬೆಳಿಗ್ಗೆ ಆರಕ್ಕೆ
ದಿನಸಿ ಅಂಗಡಿಯ ನಾಭಿರಾಜಪ್ಪನವರ ಒಂಬತ್ತನೇ ಕ್ಲಾಸು.
ಸಾಲಗಾಮೆ ರಸ್ತೆ ಖಾಲಿ, ಮಂಜು ಇನ್ನೂ ಎದ್ದಿರಲಿಲ್ಲ.
ಇನ್ನೂ ಸ್ವಲ್ಪ ಕೊಡಿ ಎಂದೆ. ಕೊಟ್ಟರು.
ಮೂವತ್ತೈದು.
ಇನ್ನೂ.
ನಲವತ್ತೆರಡಕ್ಕೆ ಮುದುಕಪ್ಪ ಕಿರುಚಿದರು:
'ಮೇಡಂ, ನಿಮ್ಮ ಬ್ರೇಕು ಹಿಡೀರಿ!'
ನೋಡಿದೆ,
ಕಾಲು ಚಪ್ಪಲಿಯಲ್ಲೇ ಕೂತಿತ್ತು.